ಹಾಡು ಬೇಕು, ಬ್ಯಾಂಡ್ ಬೇಡ

ಬೆಂಗಳೂರಿನಲ್ಲಿ ಕಂಪನಿ ಬಿಡುವುದು ಸುಲಭ. ಒಂದು ಮೇಲ್ ಹಾಕಿದರೆ ಆಯಿತು. ಎಚ್‌ಆರ್‌ನವರು ಎರಡು ಮೂರು ಫಾರಂ ತುಂಬಿಸಿಕೊಂಡು, ಲ್ಯಾಪ್‌ಟಾಪ್ ಇಸಿದುಕೊಂಡು, ಕೇಕ್ ತಿನ್ನಿಸಿ ಕಳಿಸುತ್ತಾರೆ. ಕಷ್ಟ ಇರುವುದು ಹವ್ಯಾಸಿ ಬ್ಯಾಂಡ್ ಬಿಡುವುದರಲ್ಲಿ. ಸಂಬಳ ಸಾಲದು ಅಂತ ಬಿಟ್ಟವನು ಈ ಊರಿಗೆ ಅರ್ಥವಾಗುತ್ತಾನೆ. ಸಂಬಳವೇ ಇಲ್ಲದ್ದನ್ನು ಬಿಟ್ಟವನ ಮೇಲೆ ಎಲ್ಲರಿಗೂ ಅನುಮಾನ.

ನನ್ನ ಕಾರಣ ಬಹಳ ಸರಳ. ನನಗೆ ಸಂಗೀತ ಅಂದರೆ ಇಷ್ಟ. ಹೆಂಡತಿ, ಮಗಳು ಅಂದರೂ ಇಷ್ಟ. ಬ್ಯಾಂಡಿನಲ್ಲಿದ್ದಷ್ಟು ಕಾಲ ಈ ಮೂರಕ್ಕೂ ಟೈಮ್ ಸಿಗಲಿಲ್ಲ.

ನಾವು ಐದು ಜನ. ನಾಲ್ವರು ಐಟಿ, ಒಬ್ಬ ಬ್ಯಾಂಕು. ನನ್ನದು ಕೀಬೋರ್ಡ್. ಎಲ್ಲರೂ ಆಫೀಸಿನ ತಲೆಬಿಸಿ ಕಳೆದುಕೊಳ್ಳಲು ಸೇರಿದವರು. ಸೇರಿದ ಮೇಲೆ ಮೊದಲು ಮಾಡಿದ ಕೆಲಸ ಲೋಗೋ. ಒಂದು ಹಾಡೂ ನೆಟ್ಟಗೆ ಕೂಡಿಬರುವ ಮೊದಲೇ ಲೋಗೋ, ಟೀಶರ್ಟ್, ಇನ್‌ಸ್ಟಾಗ್ರಾಂ ಪೇಜು ಎಲ್ಲ ರೆಡಿ. ಆಮೇಲೆ ಬಂತು ಎಕ್ಸೆಲ್ ಶೀಟು. ಹಾಡಿನ ಹೆಸರು, ಸ್ಕೇಲು, ಯಾರ ಜವಾಬ್ದಾರಿ, ಶೇಕಡಾ ಎಷ್ಟು ಮುಗಿದಿದೆ. ಒಂದು ಹಾಡಂತೂ ತಿಂಗಳುಗಟ್ಟಲೆ ಶೇ. 80ರಲ್ಲೇ ನಿಂತಿತ್ತು. ಬಾಕಿ 20ರಲ್ಲಿ ಏನಿದೆ ಅಂತ ಯಾರಿಗೂ ಗೊತ್ತಿರಲಿಲ್ಲ. ಭಾನುವಾರ ರಾತ್ರಿ ರಿವ್ಯೂ ಕಾಲ್. ಗಿಟಾರಿಸ್ಟ್ ಪ್ರತಿ ವಾರ 'ನನ್ನ ಕಡೆಯಿಂದ ಬ್ಲಾಕರ್ ಏನಿಲ್ಲ', ಅಂದರೆ ಅಡ್ಡಿ ಏನಿಲ್ಲ, ಅನ್ನುತ್ತಿದ್ದ. ಸೋಲೋ ಮಾತ್ರ ಬರುತ್ತಿರಲಿಲ್ಲ.

ವಾಟ್ಸಾಪ್ ಗ್ರೂಪುಗಳು ಬೇರೆ. ಎಲ್ಲರೂ ಇರುವುದೊಂದು. ಪ್ರಾಕ್ಟೀಸ್ ವಿಷಯಕ್ಕೆ ಮಾತ್ರ ಅಂತ ಇನ್ನೊಂದು. ಡ್ರಮ್ಮರ್ ಇಲ್ಲದ್ದು ಮತ್ತೊಂದು, ಅವನ ಬಗ್ಗೆ ಮಾತಾಡಲಿಕ್ಕೆ. ನಾನಿಲ್ಲದ ಗ್ರೂಪೂ ಒಂದಿತ್ತು ಅಂತ ಬಿಟ್ಟ ಮೇಲೆ ಗೊತ್ತಾಯಿತು.

ವಾರಕ್ಕೆ 70 ಗಂಟೆ ದುಡಿಯಬೇಕು ಅಂತ 2023ರಲ್ಲಿ ನಮ್ಮೂರಿನ ಹಿರಿಯ ಉದ್ಯಮಿಯೊಬ್ಬರು ಹೇಳಿದಾಗ ಜನ ಹೇಗೆ ರೇಗಿದರು, ನೆನಪಿದೆಯಲ್ವಾ? ನಮ್ಮವರೂ ರೇಗಿದರು. 'ಮನುಷ್ಯನಿಗೆ ಮನೆ ಮಠ ಬೇಡವಾ?' ಅಂತ ಗ್ರೂಪಿನಲ್ಲಿ ಉದ್ದುದ್ದ ಮೆಸೇಜು. ಅವೆಲ್ಲ ಟೈಪ್ ಆದದ್ದು ಶನಿವಾರ, ಪ್ರಾಕ್ಟೀಸಿಗೆ ಹೋಗುವ ದಾರಿಯಲ್ಲಿ. ಆಫೀಸು, ಟ್ರಾಫಿಕ್ಕು, ಬ್ಯಾಂಡು ಕೂಡಿಸಿದರೆ ನಾವು ಆ 70ನ್ನು ಎಂದೋ ದಾಟಿದ್ದೆವು. ಅದೂ ಪುಕ್ಕಟೆ.

ಇದರ ಹಿಂದೆ ಊರಿನ ಒಂದು ಹಳೇ ಜಂಬವೂ ಇದೆ. ಬೆಂಗಳೂರು ಅಂದರೆ ದೇಶದ ರಾಕ್ ರಾಜಧಾನಿ ಅಂತ. 2003ರಲ್ಲಿ ರೋಲಿಂಗ್ ಸ್ಟೋನ್ಸ್ ಬ್ಯಾಂಡಿನವರು ಅರಮನೆ ಮೈದಾನಕ್ಕೆ ಬಂದು ಮಳೆಯಲ್ಲೇ ಹಾಡಿದರು. 2007ರಲ್ಲಿ ಐರನ್ ಮೇಡನ್ ಬಂತು, 2011ರಲ್ಲಿ ಮೆಟಾಲಿಕಾ. ಅದೇ ಮೈದಾನ. ಈಗ 'ಅವತ್ತು ನಾನೂ ಅಲ್ಲಿದ್ದೆ' ಅನ್ನುವವರನ್ನೆಲ್ಲ ಒಟ್ಟಿಗೆ ನಿಲ್ಲಿಸಲು ಹೋದರೆ ಅರಮನೆ ಮೈದಾನವನ್ನು ಹೆಬ್ಬಾಳ ದಾಟಿಸಿ ಯಲಹಂಕದವರೆಗೆ ಎಳೆಯಬೇಕಾಗುತ್ತದೆ. ನಮ್ಮ ಡ್ರಮ್ಮರ್ 2003ರ ಮಳೆಯಲ್ಲಿ ನೆಂದವನಂತೆ. ಅವನು ಈ ಊರಿಗೆ ಬಂದದ್ದೇ 2009ರಲ್ಲಿ.

ಪ್ರಾಕ್ಟೀಸಿಗೆ ಜಾಗ ಹುಡುಕಿದ್ದು ಇನ್ನೊಂದು ಕಥೆ. ಒಬ್ಬ ವೈಟ್‌ಫೀಲ್ಡು, ಒಬ್ಬ ಯಲಹಂಕ, ಒಬ್ಬ ರಾಜರಾಜೇಶ್ವರಿ ನಗರ, ಒಬ್ಬ ಎಲೆಕ್ಟ್ರಾನಿಕ್ ಸಿಟಿ, ನಾನು ಹನುಮಂತನಗರ. ಯಾರಿಗೂ ಅನ್ಯಾಯ ಆಗಬಾರದು ಅಂತ ಮ್ಯಾಪ್ ಇಟ್ಟುಕೊಂಡು ಚರ್ಚೆ ಮಾಡಿದೆವು. ಕೊನೆಗೆ ಎಚ್‌ಎಸ್‌ಆರ್ ಲೇಔಟಿನಲ್ಲಿ ಒಂದು ಜ್ಯಾಮ್ ರೂಮ್ ಗೊತ್ತು ಮಾಡಿದೆವು. ಎಲ್ಲರಿಗೂ ದೂರ. ಊರೂರಿನ ಟ್ರಾಫಿಕ್ ಅಳೆಯುವ ಟಾಮ್‌ಟಾಮ್ ಕಂಪನಿಯ 2022ರ ಲೆಕ್ಕದಲ್ಲಿ ಬೆಂಗಳೂರಿನ ನಡುಭಾಗದಲ್ಲಿ 10 ಕಿಲೋಮೀಟರ್ ದಾಟಲು ಸರಾಸರಿ 29 ನಿಮಿಷ 10 ಸೆಕೆಂಡು ಬೇಕಿತ್ತು. ಆಮೆವೇಗದಲ್ಲಿ ಜಗತ್ತಿಗೇ ಎರಡನೇ ಸ್ಥಾನ, ಲಂಡನ್ ಮೊದಲು. ಆ ಲೆಕ್ಕ ಹಾಕಿದವರು ಸಂಜೆ ಆರೂವರೆಗೆ ಆಟೋದಲ್ಲಿ ಕೀಬೋರ್ಡನ್ನು ತೊಡೆ ಮೇಲಿಟ್ಟುಕೊಂಡು ಸಿಲ್ಕ್ ಬೋರ್ಡ್ ಜಂಕ್ಷನ್ ದಾಟಿದವರಲ್ಲ. ದಾಟಿದ್ದರೆ ಲಂಡನ್ನಿಗೆ ಆ ಗೌರವ ಸಿಗುತ್ತಿರಲಿಲ್ಲ. ಜ್ಯಾಮ್ ರೂಮಿನ ಬಾಡಿಗೆ ನಾವು ತಲುಪಿದಾಗಿಂದ ಅಲ್ಲ, ಬುಕ್ ಮಾಡಿದ ಗಂಟೆಯಿಂದಲೇ ಓಡುತ್ತದೆ. ಸಿಗ್ನಲ್‌ನಲ್ಲಿ ನಿಂತು ಎಷ್ಟೋ ಸಲ ಬಾಡಿಗೆ ಕಟ್ಟಿದ್ದೇವೆ.

ಒಳಗೆ ಹೋದರೆ ಸದ್ದು. 85 ಡೆಸಿಬೆಲ್ ಸದ್ದಿನಲ್ಲಿ 8 ಗಂಟೆ ಇರಬಹುದು, ಅದಕ್ಕಿಂತ ಪ್ರತಿ 3 ಡೆಸಿಬೆಲ್ ಏರಿದಾಗಲೂ ಸಮಯ ಅರ್ಧ ಮಾಡಿಕೊಳ್ಳಿ ಅನ್ನುವುದು ಕಿವಿಯ ಆರೋಗ್ಯ ನೋಡುವವರ ಲೆಕ್ಕ. 100 ಮುಟ್ಟಿದರೆ 15 ನಿಮಿಷ ಅಷ್ಟೇ. ಚಿಕ್ಕ ಕೋಣೆಯಲ್ಲಿ ಡ್ರಮ್ಸ್ 100 ಮುಟ್ಟಲು ಯಾರ ಅಪ್ಪಣೆಯೂ ಬೇಕಿಲ್ಲ. ನಮ್ಮ ಡ್ರಮ್ಮರಿಗೆ ಕೈ ಬಿಸಿಯಾಗಲಿಕ್ಕೇ ಆ 15 ನಿಮಿಷ ಬೇಕು. ಸಂಗೀತ ಶುರುವಾಗುವ ಹೊತ್ತಿಗೆ ಕಿವಿಯ ಪಾಲಿನ ಸಂಗೀತ ಮುಗಿದಿರುತ್ತಿತ್ತು.

ಇನ್ನು ಪಬ್ಬು. ಇಲ್ಲಿ ಸ್ವಲ್ಪ ನಿಂತು ನೋಡಬೇಕು. ಈ ಊರಿನ ಅಸಲಿ ತಮಾಷೆ ಇರುವುದೇ ಇಲ್ಲಿ.

ಮದುವೆಗೆ ವಾಲಗದವರನ್ನು ಗೊತ್ತು ಮಾಡುವಾಗ 'ನಿಮ್ಮ ಕಡೆಯಿಂದ ಎಷ್ಟು ಜನ ಊಟಕ್ಕೆ ದುಡ್ಡು ಕೊಟ್ಟು ಬರ್ತಾರೆ?' ಅಂತ ಯಾರಾದರೂ ಕೇಳಿದ್ದುಂಟಾ? ವೀಳ್ಯ ಕೊಟ್ಟು ಕರೆಯುತ್ತಾರೆ, ಊಟ ಹಾಕುತ್ತಾರೆ, ಮಾತಾಡಿದಷ್ಟು ಹಣ ಕೈಗಿಡುತ್ತಾರೆ. ಗಣೇಶನ ಪೆಂಡಾಲಿನ ಆರ್ಕೆಸ್ಟ್ರಾದವರೂ ಅಡ್ವಾನ್ಸ್ ಇಲ್ಲದೆ ಮೈಕ್ ಹಿಡಿಯುವುದಿಲ್ಲ. ನಮ್ಮದು ಪಬ್ಬು, ಅಲ್ಲಿನ ಕ್ರಮವೇ ಬೇರೆ. ಮ್ಯಾನೇಜರ್ ನಮ್ಮ ರೆಕಾರ್ಡಿಂಗ್ ಕೇಳಲಿಲ್ಲ. ಯಾವ ಥರದ ಹಾಡು ಅಂತಲೂ ವಿಚಾರಿಸಲಿಲ್ಲ. ಕೇಳಿದ್ದು ಒಂದೇ ಪ್ರಶ್ನೆ.

'ಬ್ರೋ, ಕ್ರೌಡ್ ಎಷ್ಟು ತರ್ತೀರಾ?'

30 ಜನ ಬಂದು ಚೆನ್ನಾಗಿ ಬಿಲ್ ಆದರೆ ಬ್ಯಾಂಡಿಗೆ ಊಟದ ಕೂಪನ್. ಕಡಿಮೆಯಾದರೆ 'ಎಕ್ಸ್‌ಪೋಷರ್', ಅಂದರೆ ನಾಲ್ಕು ಜನರ ಕಣ್ಣಿಗೆ ಬಿದ್ದ ಭಾಗ್ಯ. ಅದನ್ನು ತಿನ್ನಲಿಕ್ಕೆ ಆಗುವುದಿಲ್ಲ, ಸುಮ್ನೆ ಇಟ್ಟುಕೊಳ್ಳಬೇಕು. ಹಾಗಾಗಿ ನಾವು ಹಾಡು ಕಲಿಯುವುದನ್ನು ಬಿಟ್ಟು ನೆಂಟರಿಷ್ಟರಿಗೆ ಫೋನ್ ಮಾಡಲು ಕೂತೆವು. ನಮ್ಮ ಚಿಕ್ಕಪ್ಪ ಚಿಕ್ಕಮ್ಮ ಪಾಪ ಗಿರಿನಗರದಿಂದ ಬಂದರು. ಚಿಕ್ಕಮ್ಮ 'ಇಲ್ಲಿ ಕಾಫಿ ಸಿಗಲ್ವಾ?' ಅಂದರು. ಸಿಕ್ಕಿತು. ಬಿಲ್ ನೋಡಿ, ಈ ದುಡ್ಡಿಗೆ ಕಾಲು ಕೆ.ಜಿ. ಕಾಫಿಪುಡಿ ಬರ್ತಿತ್ತು ಅಂದರು. ನಮ್ಮ ಹಾಡಿನ ಬಗ್ಗೆ ಅವರು ಇವತ್ತಿನವರೆಗೆ ಒಂದು ಮಾತು ಆಡಿಲ್ಲ. ಆ ಕಾಫಿ ಬಗ್ಗೆ ಪ್ರತಿ ಹಬ್ಬದಲ್ಲೂ ಆಡುತ್ತಾರೆ.

ಐಪಿಎಲ್ ಸೀಸನ್ ಬಂದರೆ ಮುಗಿಯಿತು. ಗೋಡೆ ತುಂಬ ಪರದೆ. 'ಮ್ಯಾಚ್ ನಡೀತಿರುವಾಗ ಸ್ವಲ್ಪ ಸಾಫ್ಟ್ ಆಗಿ ಬ್ರೋ. ಸ್ಟ್ರಾಟೆಜಿಕ್ ಟೈಮ್‌ಔಟ್ ಬಂದಾಗ ಫುಲ್ ಕೊಡಿ.' ಆ ಟೈಮ್‌ಔಟ್ ಇರುವುದು ಎರಡೂವರೆ ನಿಮಿಷ. ನಮ್ಮ ಹಾಡು ನಾಲ್ಕು ನಿಮಿಷ. ಎರಡನೇ ಚರಣಕ್ಕೆ ಬರುವಷ್ಟರಲ್ಲಿ ಬೌಲರ್ ಓಡಿ ಬರುತ್ತಿದ್ದ. ಒಂದು ಸಲ ಹಾಡಿನ ನಡುವೆ ಭರ್ಜರಿ ಚಪ್ಪಾಳೆ, ಶಿಳ್ಳೆ. ಕಣ್ಣು ಮುಚ್ಚಿ ಹಾಡುತ್ತಿದ್ದ ನಮ್ಮ ಗಾಯಕ ಎದೆ ಮೇಲೆ ಕೈ ಇಟ್ಟುಕೊಂಡು 'ಥ್ಯಾಂಕ್ಯೂ ಬೆಂಗಳೂರು' ಅಂದ. ಸಿಕ್ಸರ್ ಹೋಗಿತ್ತು.

ಸೆಟ್‌ಲಿಸ್ಟಿಗೆ ಎರಡು ಕನ್ನಡ ಹಾಡು ಸೇರಿಸಿದ್ದೆವು. ಮ್ಯಾನೇಜರ್ ಪಟ್ಟಿ ನೋಡಿ 'ಕನ್ನಡ ನವೆಂಬರ್‌ಗೆ ಇಟ್ಕೊಳ್ಳಿ ಬ್ರೋ, ಈಗ ವೈಬ್ ಸಿಗಲ್ಲ' ಅಂದ. ಅವನ ಊರು ಮಂಡ್ಯ. ನವೆಂಬರ್‌ನಲ್ಲಿ ಹೋಗಿ ನೋಡಿದರೆ ಬಾಗಿಲಿಗೆ ಹಳದಿ ಕೆಂಪು ಬಲೂನು ಕಟ್ಟಿದ್ದರು, ಡಿಜೆ ಬುಕ್ ಆಗಿತ್ತು.

ಇಷ್ಟಕ್ಕೂ ಅಲ್ಲಿ ದುಡ್ಡೇ ಓಡಾಡುವುದಿಲ್ಲ ಅಂತಲ್ಲ. ಹಾಡು ಬರೆದವರಿಗೆ, ರಾಗ ಹಾಕಿದವರಿಗೆ ಸೇರಬೇಕಾದ್ದನ್ನು ವಸೂಲಿ ಮಾಡಲು 1969ರಿಂದ ಐಪಿಆರ್‌ಎಸ್ ಅಂತ ಸಂಸ್ಥೆ ಇದೆ. ಅವರಿಗೆ ಲೈಸೆನ್ಸ್ ಶುಲ್ಕ. ಒಳ್ಳೆಯದೇ, ಕೊಡಬೇಕು. ಸ್ಪೀಕರ್ ಬಾಡಿಗೆಯವನಿಗೆ ದುಡ್ಡು. ಸೌಂಡ್ ಇಂಜಿನಿಯರಿಗೆ ದುಡ್ಡು. ಕಾರು ನಿಲ್ಲಿಸುವ ಹುಡುಗನಿಗೆ ಟಿಪ್ಸು. ಹಾಡಿನ ಸುತ್ತ ನಿಂತ ಎಲ್ಲರಿಗೂ ಏನಾದರೊಂದು ಸಿಗುತ್ತದೆ, ಹಾಡುವವನೊಬ್ಬನನ್ನು ಬಿಟ್ಟು. ಅವನು 'ಪ್ಯಾಶನ್' ಇರುವವನು. ಪ್ಯಾಶನ್ ಇರುವವನಿಗೆ ಹಸಿವಾಗುವುದಿಲ್ಲ ಅಂತ ಹೋಟೆಲ್ ಉದ್ಯಮ ಹೇಗೋ ಕಂಡುಹಿಡಿದಿದೆ.

ರಾತ್ರಿ 10 ಗಂಟೆಯ ಮಹಿಮೆಯನ್ನೂ ಹೇಳಿಬಿಡುತ್ತೇನೆ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮದ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ನಮ್ಮ ಪಬ್ಬು ಇದ್ದದ್ದು ತಾರಸಿ ಮೇಲೆ, ಅದಕ್ಕೆ ಮಾಡು ಇರಲಿಲ್ಲ. ಪಕ್ಕದ ಮನೆಯವರು ಗಡಿಯಾರ ನೋಡಿಕೊಂಡೇ ಕೂತಿರುತ್ತಿದ್ದರು. ಪಾಪ, ಅವರದೇನೂ ತಪ್ಪಿಲ್ಲ. ಹತ್ತಕ್ಕೆ ಸಂಗೀತ ಬಂದ್. ಅದೇ ಹತ್ತಕ್ಕೆ ಆಟೋ ಮೀಟರಿನ ಮೇಲೆ ಒಂದೂವರೆ ಪಟ್ಟು ಶುರು. ಅಂದರೆ ಸರ್ಕಾರವೇ ನಿಗದಿ ಮಾಡಿದ ಗಳಿಗೆಯಲ್ಲಿ ನಮ್ಮ ಆದಾಯ ನಿಂತು ಖರ್ಚು ಏರುತ್ತಿತ್ತು. ಆದಾಯ ಅಂದೆನಾ? ಕೂಪನ್.

ಈ ಓಡಾಟದ ನಡುವೆ ಮನೆಯಲ್ಲಿ ಏನಾಗುತ್ತಿತ್ತು? ಮಗಳು ಕರ್ನಾಟಕ ಸಂಗೀತದ ಕ್ಲಾಸಿಗೆ ಸೇರಿ ಸರಳೆ ವರಸೆ ಮುಗಿಸಿ ಜಂಟಿ ವರಸೆಗೆ ಬಂದಿದ್ದಳು. ಪುರಂದರದಾಸರು ಹಾಕಿಕೊಟ್ಟದ್ದು ಅನ್ನುವ ಪಾಠ, ಮಾಯಾಮಾಳವಗೌಳ ರಾಗ, ತೊಡೆ ಮೇಲೆ ತಾಳ. ಅವಳ ಎರಡನೇ ಕಾಲ, ಅಂದರೆ ದುಪ್ಪಟ್ಟು ವೇಗ, ನಮ್ಮ ಡ್ರಮ್ಮರಿನ ಒಂದನೇ ಕಾಲಕ್ಕಿಂತ ಗಟ್ಟಿ ಇತ್ತು. ಹೆಂಡತಿ ಒಳ್ಳೆಯ ಭಾವಗೀತೆ ಹಾಡುತ್ತಾಳೆ. ನಾನು ಹೆಡ್‌ಫೋನ್ ಹಾಕಿಕೊಂಡು ಯಾರದೋ ಇಂಟ್ರೋ ಇಪ್ಪತ್ತನೇ ಸಲ ಕೇಳುತ್ತಾ ಇರುತ್ತಿದ್ದೆ. 'ರೀ, ಸಂಗೀತ ನಿಂತ ಮೇಲೆ ಊಟಕ್ಕೆ ಬನ್ನಿ' ಅಂತ ಕರೆಯುತ್ತಿದ್ದಳು. ಅವಳ ಕಣ್ಣಿಗೆ ಕಂಡದ್ದು ಸದ್ದಿಲ್ಲದೆ ಕೀ ಒತ್ತುವ ಗಂಡ.

ನಮ್ಮ ಮನೆಯಿಂದ ಚಾಮರಾಜಪೇಟೆ ಎಷ್ಟು ದೂರ? ಅಲ್ಲಿನ ಕೋಟೆ ಹೈಸ್ಕೂಲ್ ಮೈದಾನದ ರಾಮನವಮಿ ಸಂಗೀತೋತ್ಸವ ದೇಶಕ್ಕೇ ಹೆಸರುವಾಸಿ. ಅದನ್ನು ನಡೆಸುವ ಶ್ರೀರಾಮಸೇವಾ ಮಂಡಳಿ ಹುಟ್ಟಿದ್ದು 1939ರಲ್ಲಿ. ಕೆ.ಆರ್. ರಸ್ತೆಯ ಗಾಯನ ಸಮಾಜ ಇನ್ನೂ ಹಳತು, 1905ರದ್ದು. ದೊಡ್ಡ ದೊಡ್ಡ ವಿದ್ವಾಂಸರು ಬಂದು ಕೂತು ಹಾಡುತ್ತಾರೆ, ನಾವು ಚುರುಮುರಿ ತಿಂದುಕೊಂಡು ಹೋಗಿ ಕೇಳಬಹುದು. ನಾನು ವರ್ಷಗಟ್ಟಲೆ ಆ ಪೆಂಡಾಲಿನ ಪಕ್ಕದಲ್ಲೇ ಹಾದು ಎಚ್‌ಎಸ್‌ಆರ್‌ಗೆ ಹೋಗಿದ್ದೇನೆ. ಹತ್ತಿರದ ಒಳ್ಳೆ ಸಂಗೀತ ಬಿಟ್ಟು, ದೂರ ಹೋಗಿ, ದುಡ್ಡು ಕೊಟ್ಟು, ಸುಮಾರಾದ ಸಂಗೀತವನ್ನು ಸ್ವಂತ ಕೈಯಲ್ಲಿ ಮಾಡುವುದಕ್ಕೆ ಈ ಊರಿನಲ್ಲಿ ಕ್ರಿಯೇಟಿವಿಟಿ ಅನ್ನುತ್ತಾರೆ.

ಬಿಡುತ್ತೇನೆ ಅಂದೆ. ತಕ್ಷಣ ಮೀಟಿಂಗ್ ಇನ್ವೈಟ್ ಬಂತು. ವಿಷಯ: ಎಕ್ಸಿಟ್ ಡಿಸ್ಕಷನ್.

'ಬೇರೆ ಬ್ಯಾಂಡ್‌ನಿಂದ ಆಫರ್ ಬಂದಿದೆಯಾ ಗುರು? ನಿಜ ಹೇಳು' ಅಂದ ಗಾಯಕ.

'ಇಲ್ಲಪ್ಪ, ಮನೆಯಲ್ಲಿ ಕೂತು ಹಾಡು ಕೇಳ್ತೀನಿ.'

'ಅವರು ಎಷ್ಟು ಕೊಡ್ತಾರೋ ಅದರ ಡಬಲ್ ಕೊಡೋಣ ಮಗಾ' ಅಂದ ಬ್ಯಾಂಕಿನವನು. ಸೊನ್ನೆಯನ್ನು ಎರಡರಿಂದ ಗುಣಿಸುವ ಧೈರ್ಯ ಬ್ಯಾಂಕಿನವರಿಗೆ ಮಾತ್ರ ಇರುತ್ತದೆ.

ಆಮೇಲೆ ನೋಟಿಸ್ ಪೀರಿಯಡ್. ಕೆಟಿ ಕೊಡಬೇಕಂತೆ, ಅಂದರೆ ನನ್ನ ಕೆಲಸವನ್ನು ಬದಲಿಗೆ ಬರುವವನಿಗೆ ಕಲಿಸಿಕೊಡಬೇಕು. ಯಾರಿಗೆ ಕೊಡಲಿ, ಬದಲಿ ಮನುಷ್ಯನೇ ಇಲ್ಲವಲ್ಲ? 'ಡಾಕ್ಯುಮೆಂಟ್ ಮಾಡು' ಅಂದರು. ಮಾಡಿದೆ. ಯಾವ ಹಾಡಿನಲ್ಲಿ ಯಾವ ಕೀ, ಎಲ್ಲಿ ಗಾಯಕ ತಾಳ ಬಿಡುತ್ತಾನೆ, ಆಗ ನಾವು ಎಲ್ಲಿ ಕಾಯಬೇಕು, ಎಲ್ಲ ಬರೆದೆ. ಆ ಕೊನೆಯ ಭಾಗಕ್ಕೆ ಗಾಯಕ ಕಾಮೆಂಟ್ ಹಾಕಿದ: 'ಡಿಸ್‌ಕಸ್ ಮಾಡೋಣ.' ಟೀಶರ್ಟ್ ವಾಪಸ್ ಕೇಳಿದರು. ಲೋಗೋ ಇದೆಯಲ್ಲ, ಬ್ರ್ಯಾಂಡ್ ದುರುಪಯೋಗ ಆಗಬಾರದಂತೆ. ಆ ಟೀಶರ್ಟಿನಲ್ಲಿ ನಾನು ಹಾಲು ತರಲು ಹೋಗುತ್ತಿದ್ದೆ.

ನನ್ನ ಜಾಗಕ್ಕೆ ಕೊನೆಗೆ ಲ್ಯಾಪ್‌ಟಾಪ್ ಬಂತು. ನನ್ನ ಭಾಗವನ್ನೆಲ್ಲ ರೆಕಾರ್ಡ್ ಮಾಡಿಕೊಂಡು ಟ್ರ್ಯಾಕ್ ಹಾಕಿ ಬಾರಿಸುತ್ತಾರೆ. ಅದು ಹೇಳಿದ ಟೈಮಿಗೆ ಬರುತ್ತದೆ, ಕೂಪನ್ ಕೇಳುವುದಿಲ್ಲ. ಒಂದೇ ತೊಂದರೆ, ಗಾಯಕ ತಾಳ ಬಿಟ್ಟಾಗ ಅದು ಕಾಯುವುದಿಲ್ಲ.

ಮನೆಯಲ್ಲೀಗ ಸಂಜೆ ಕೀಬೋರ್ಡಿನಲ್ಲಿ ಶ್ರುತಿ ಹಾಕಿಕೊಡುತ್ತೇನೆ. ಮಗಳು ಜಂಟಿ ವರಸೆ ಹಾಡುತ್ತಾಳೆ. ಅವಳಮ್ಮ ಅಡುಗೆಮನೆಯಿಂದಲೇ 'ರಿಷಭ ಮೇಲೆ ಹೋಯ್ತು' ಅಂತ ಕೂಗುತ್ತಾಳೆ. ನನಗೆ ಯಾರೂ ರಿವ್ಯೂ ಕಾಲ್ ಹಾಕಿಲ್ಲ. ಈ ಸಲದ ರಾಮೋತ್ಸವಕ್ಕೆ ಒಂದು ಶನಿವಾರ ಮೂವರೂ ಹೋಗುವುದು ಅಂತ ಗೊತ್ತು ಮಾಡಿಕೊಂಡೆವು.

ಮೊನ್ನೆ ಗಾಯಕ ಫೋನ್ ಮಾಡಿದ. ಪಬ್ಬಿನಲ್ಲಿ ಶೋ ಇದೆಯಂತೆ, ಅದೇ ಶನಿವಾರ, ಮ್ಯಾಚ್ ಬೇರೆ ಇದೆ. ಕ್ರೌಡ್‌ಗೆ ಇನ್ನೂ ಜನ ಸಾಲುತ್ತಿಲ್ಲ.

'ಫ್ಯಾಮಿಲಿ ಕರಕೊಂಡು ಬಾ ಗುರು, ಚಿಕ್ಕಪ್ಪ ಚಿಕ್ಕಮ್ಮನಿಗೂ ಹೇಳು.'

'ಅವತ್ತು ಸಂಗೀತ ಕಚೇರಿಗೆ ಹೋಗ್ತಿದ್ದೀವಲ್ಲೋ, ಕೋಟೆ ಹೈಸ್ಕೂಲಿಗೆ.'

ಅವನು ಸ್ವಲ್ಪ ಯೋಚನೆ ಮಾಡಿದ.

'ಹಾಗಾದ್ರೆ ಬರೋದೇನೂ ಬೇಡ ಬಿಡು. ಒಂದು ಟೇಬಲ್ ಬುಕ್ ಮಾಡಿ, ದುಡ್ಡು ಕಟ್ಟಿಬಿಡು. ಅಷ್ಟು ಸಾಕು.'