ಎರಡು ಮಿಲಿಮೀಟರ್ ಕಾರುಬಾರು

ಸೀಟಿಲ್ಲದ ಬೈಕು ಇಟ್ಟುಕೊಂಡವನಿಗೆ ಚಿತ್ರದುರ್ಗದಲ್ಲಿ ವಿಳಾಸ ಬೇಕಾಗುವುದಿಲ್ಲ. ಕೊರಿಯರ್ ಹುಡುಗ ಗಾಂಧಿ ವೃತ್ತದಲ್ಲಿ ನಿಂತು ಹೆಸರು ಹೇಳಿದರೆ ಸಾಕು, ‘ಓ, ಆ ಸೀಟು ಕಳೆದುಕೊಂಡ ಗಾಡಿಯವರ ಮನೆಯೇ?’ ಎಂದು ಯಾರಾದರೂ ದಾರಿ ತೋರಿಸುತ್ತಾರೆ. ಪೆಟ್ರೋಲ್ ಬಂಕಿನಲ್ಲಿ ಒಬ್ಬ ಹಿರಿಯರು ದನಿ ತಗ್ಗಿಸಿ, ‘ಕಂತು ಕಟ್ಟಲಿಲ್ಲವೆಂದು ಫೈನಾನ್ಸಿನವರು ಬಿಚ್ಚಿಕೊಂಡು ಹೋದರೇನಪ್ಪಾ?’ ಎಂದು ವಿಚಾರಿಸಿದ್ದರು. ಸೀಟು ಕಳೆದಿಲ್ಲ, ಇದು ಹುಟ್ಟಿದ್ದೇ ಹೀಗೆ ಎಂದು ವಿವರಿಸುವುದನ್ನು ನಾನು ಬಿಟ್ಟು ಬಹಳ ಕಾಲವಾಯಿತು.

ನನ್ನದು ಟ್ರಯಲ್ಸ್ ಎಂಬ ಆಟದ ಬೈಕು. ಟ್ರಯಲ್ಸ್ ಎನ್ನುವುದು ವೇಗದ ಆಟವಲ್ಲ. ಬಂಡೆ, ಕೊರಕಲು, ಮರದ ದಿಮ್ಮಿ, ಹಳ್ಳದ ಕಲ್ಲು ಇವುಗಳ ಮೇಲೆ, ಕಾಲು ನೆಲಕ್ಕೆ ತಾಗಿಸದೆ ಗಾಡಿಯನ್ನು ದಾಟಿಸಬೇಕು. ಸವಾರ ಸದಾ ನಿಂತೇ ಇರುವುದರಿಂದ ಕೂರುವ ಜಾಗಕ್ಕೆ ಕೆಲಸವೇ ಇಲ್ಲ. ಒಮ್ಮೆ ಕಾಲಿಟ್ಟರೆ 1 ಅಂಕ, ಎರಡು ಸಲಕ್ಕೆ 2, ಆಮೇಲೆ ಎಷ್ಟು ಸಲ ಇಟ್ಟರೂ 3. ಬಿದ್ದರೆ ಅಥವಾ ಗಡಿ ದಾಟಿದರೆ 5. ಅಂಕ ಕಡಿಮೆ ಬಂದವನೇ ಗೆದ್ದವನು. ಸ್ಪೇನಿನ ಟೋನಿ ಬೌ 2007ರಲ್ಲಿ ಹಿಡಿದ ವಿಶ್ವ ಚಾಂಪಿಯನ್ ಪಟ್ಟವನ್ನು ಒಂದೂವರೆ ದಶಕ ಕಳೆದರೂ ಬೇರೆಯವರ ಕೈಗೆ ಕೊಡಲಿಲ್ಲ. ನಾನು ಅಂಕಗಳ ವಿಷಯದಲ್ಲಿ ಅಷ್ಟು ಜಿಪುಣನಲ್ಲ.

ದುರ್ಗದವನಿಗೆ ಈ ಆಟಕ್ಕೆ ಮೈದಾನ ಕಟ್ಟಬೇಕಾಗಿಲ್ಲ. ಯಾವ ದಿಕ್ಕಿಗೆ ಹೋದರೂ ಬಂಡೆ. ಕೋಟೆಯೊಳಗೆ ಗಾಡಿ ಬಿಡುವ ಹಾಗಿಲ್ಲ, ಬಿಡಲೂಬಾರದು. ಆ ಏಳು ಸುತ್ತುಗಳು ಹೈದರಾಲಿಯ ಕಾಟವನ್ನೇ ಸಹಿಸಿವೆ, ಮೇಲೆ ನನ್ನದೂ ಏಕೆ? ಜೋಗಿಮಟ್ಟಿಗೆ ಅರಣ್ಯ ಇಲಾಖೆಯ ಕಾವಲಿದೆ. ಹಾಗಾಗಿ ಭೀಮಸಮುದ್ರದ ಕಡೆ ಪರಿಚಯದ ಗೌಡರೊಬ್ಬರ ಅಡಿಕೆ ತೋಟಕ್ಕೆ ಹೊಂದಿಕೊಂಡ ಬಂಡೆಸಾಲೇ ನನ್ನ ಕ್ರೀಡಾಂಗಣ. ಏನೂ ಬೆಳೆಯದ ಆ ತುಂಡು ಜಾಗದಲ್ಲಿ ಇವನಾದರೂ ಬೆಳೆಯಲಿ ಎಂದು ಅವರು ಬಿಟ್ಟಿದ್ದಾರೆ.

ಗಾಡಿ ಸ್ಪೇನಿನದು, ಟೂ ಸ್ಟ್ರೋಕ್, ಬೆಂಗಳೂರಿನಲ್ಲಿ ಸೆಕೆಂಡ್ ಹ್ಯಾಂಡ್ ಸಿಕ್ಕಿದ್ದು. ತೂಕ 70 ಕಿಲೋ ಆಸುಪಾಸು, ಟ್ಯಾಂಕಿಗೆ 3 ಲೀಟರ್ ಹಿಡಿಸುವುದೂ ಕಷ್ಟ. ಹಿಂದಿನ ಟೈರಿಗೆ ನಾಲ್ಕೈದು ಪಿಎಸ್‌ಐ ಗಾಳಿ ಸಾಕು. ಟೈರು ಮೆತ್ತಗಾಗಿ ಬಂಡೆಯನ್ನು ಅಪ್ಪಿಕೊಳ್ಳಬೇಕು. ಒಮ್ಮೆ ನಾನು ಟೀ ಕುಡಿದು ಬರುವುದರೊಳಗೆ ಪಂಕ್ಚರ್ ಅಂಗಡಿಯ ಹುಡುಗ ಮರುಕಪಟ್ಟು 32 ತುಂಬಿಸಿ, ‘ಪೂರ್ತಿ ಇಳಿದು ಹೋಗಿತ್ತು ಸರ್, ದುಡ್ಡು ಬೇಡ’ ಎಂದಿದ್ದ. ಅವತ್ತು ಗಾಡಿ ನನ್ನ ಅನುಮತಿ ಕೇಳದೆ ಬಂಡೆಯಿಂದ ಬಂಡೆಗೆ ಪುಟಿಯಿತು.

ಇಷ್ಟೆಲ್ಲ ಪೀಠಿಕೆ ಎಂಜಿನ್ನಿಗೆ ಗಾಳಿ, ಪೆಟ್ರೋಲ್ ಬೆರೆಸಿ ಕೊಡುವ ಕಾರ್ಬೋರೇಟರಿನ ಸಲುವಾಗಿ. ಗಾಡಿಯೊಂದಿಗೆ ಬಂದದ್ದು 26 ಮಿಲಿಮೀಟರ್ ಬಾಯಿಯದು. ಅದಕ್ಕೆ ವಯಸ್ಸಾಗಿತ್ತು. ಗಾಳಿಯ ದಾರಿ ತೆರೆದು ಮುಚ್ಚುವ ಸ್ಲೈಡು ಸವೆದು, ಐಡಲ್, ಅಂದರೆ ಆಕ್ಸಿಲರೇಟರ್ ಬಿಟ್ಟಾಗಿನ ಎಂಜಿನ್ ಓಟ, ಒಂದು ಕಡೆ ನಿಲ್ಲುತ್ತಿರಲಿಲ್ಲ. ಬಂಡೆ ಹತ್ತುವಾಗ ಗಾಡಿ ಮೂತಿ ಎತ್ತಿ ನಿಂತರೆ ಕೆಳಗಿನ ತೊಟ್ಟಿಯ ಪೆಟ್ರೋಲೆಲ್ಲ ಹಿಂದಕ್ಕೆ ಸರಿದು, ಮಟ್ಟ ಕಾಯಬೇಕಾದ ಫ್ಲೋಟಿಗೆ ದಿಕ್ಕು ತಪ್ಪಿ, ಗಾಳಿಕೊಳವೆಯಿಂದ ಧಾರೆಯಾಗಿ ನನ್ನ ಪ್ಯಾಂಟಿನ ಮೇಲೆ ಸುರಿಯುತ್ತಿತ್ತು. ಮನೆಯಲ್ಲಿ ನನ್ನ ಬಟ್ಟೆಗೆ ಪ್ರತ್ಯೇಕ ಬಕೆಟ್ಟು, ದೇವರ ಮನೆಯಿಂದ ಕನಿಷ್ಠ ದೂರ, ಎರಡೂ ಜಾರಿಗೆ ಬಂದಿದ್ದವು. ಆಗ ತೀರ್ಮಾನವಾಯಿತು: ಜಪಾನಿನ ಕೇಹಿನ್, 28 ಮಿಲಿಮೀಟರಿನದು. ಬರೀ ಎರಡು ಮಿಲಿಮೀಟರ್ ದೊಡ್ಡದು. ಹಳೆಯದನ್ನು ಬಿಚ್ಚು, ಹೊಸದನ್ನು ಹಾಕು, ಅಷ್ಟೇ.

ಕಾರ್ಬೋರೇಟರಿನ ತತ್ವವೂ ಕೇಳಲು ಅಷ್ಟೇ ಸರಳ. ಕೊಳವೆಯ ನಡು ಕಿರಿದಾದ ಕಡೆ ಗಾಳಿಯ ವೇಗ ಏರುತ್ತದೆ, ಒತ್ತಡ ಇಳಿಯುತ್ತದೆ. ತೊಟ್ಟಿಯ ಪೆಟ್ರೋಲ್ ಜೆಟ್ಟಿನ ಮೂಲಕ ಮೇಲೇರಿ ಗಾಳಿಯಲ್ಲಿ ಬೆರೆಯುತ್ತದೆ. ಜೆಟ್ಟು ಎಂದರೇನೆಂದು ನಮ್ಮ ಊರಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ, ಅದು ಓಬವ್ವನ ಕಿಂಡಿ. ಹೊರಗೆ ಎಷ್ಟೇ ಸೈನ್ಯವಿರಲಿ, ಒಳಗೆ ನುಸುಳುವುದು ಒಬ್ಬೊಬ್ಬನೇ. ಕಿಂಡಿ ಕೂದಲೆಳೆಯಷ್ಟು ದೊಡ್ಡದಾದರೆ ಒಳಗೆ ದಂಡು ನುಗ್ಗುತ್ತದೆ, ಕಸ ಸಿಕ್ಕಿಕೊಂಡರೆ ಒಬ್ಬನೂ ಬರುವುದಿಲ್ಲ.

2020ರ ಏಪ್ರಿಲ್‌ನಲ್ಲಿ ಬಿಎಸ್-6 ಹೊಗೆ ನಿಯಮ ಬಂದ ಮೇಲೆ ಹೊಸ ಬೈಕುಗಳಿಂದ ಕಾರ್ಬೋರೇಟರ್ ಹೆಚ್ಚುಕಡಿಮೆ ಕಾಣೆಯಾಯಿತು. ಈಗಿನ ಹುಡುಗರು ಗಾಡಿ ಕಂಡ ಕೂಡಲೇ ಸ್ಕ್ಯಾನರ್ ಎಲ್ಲಿ ಚುಚ್ಚಬೇಕೆಂದು ಹುಡುಕುತ್ತಾರೆ. ಹೀಗಾಗಿ ಸಂತೆಪೇಟೆ ಕಡೆಯ ಒಬ್ಬ ಹಿರಿಯ ಮೆಕ್ಯಾನಿಕ್ಕನ್ನು ಹಿಡಿದೆ. ಇಡೀ ಊರಿಗೆ ಅವರು ಉಸ್ತಾದ್. ಯೆಜ್ಡಿ, ಆರ್‌ಎಕ್ಸ್ 100ಗಳ ಕಾಲದಲ್ಲಿ ಅವರ ಗ್ಯಾರೇಜಿನ ಮುಂದೆ ಜಾಗ ಸಿಗುತ್ತಿರಲಿಲ್ಲವಂತೆ. ಕೆಲಸ ಗ್ಯಾರೇಜಿನಲ್ಲಿ ಬೇಡ, ಜನ ಸೇರುತ್ತಾರೆ, ನಿಮ್ಮ ಮನೆಗೇ ಬರುತ್ತೇನೆ ಎಂದರು. ಜನ ನಮ್ಮ ಮನೆಯ ಮುಂದೆಯೇ ಸೇರಿದರು.

ಮೊದಲ ತಕರಾರು ಬಾಯಿಯದು. ಹೊಸ ಕಾರ್ಬೋರೇಟರಿನ ಮೂತಿ ಹಳೆಯ ರಬ್ಬರಿನೊಳಗೆ ಹೋಗಲು ಒಪ್ಪಲಿಲ್ಲ. ಎಂಜಿನ್ ಕಡೆಗೆ ಬೇರೆ ರಬ್ಬರ್ ತರಿಸಿದ್ದಾಯಿತು. ಫಿಲ್ಟರ್ ಕಡೆಯ ರಬ್ಬರ್ ಮಾತ್ರ ಹಟ ಬಿಡಲಿಲ್ಲ. ಬಿಸಿನೀರಿನಲ್ಲಿ ಹಾಕಿದರೆ ಮೆತ್ತಗಾಗುತ್ತದೆ ಎಂದು ಉಸ್ತಾದ್ ಒಳಗೆ ಕೇಳುವ ಹಾಗೆ ಹೇಳಿದರು. ಅಡುಗೆಮನೆಯಿಂದ ಉತ್ತರ ಬರಲಿಲ್ಲ, ಪಾತ್ರೆಗಳನ್ನು ಎತ್ತಿಡುವ ಸದ್ದು ಬಂತು. ಕೊನೆಗೆ ಸ್ನಾನದ ಹಂಡೆಯ ನೀರೇ ಗತಿಯಾಯಿತು. ಮರುದಿನ ಬೆಳಿಗ್ಗೆ ನಮ್ಮ ಮನೆಯವರೆಲ್ಲ ಸ್ನಾನ ಮಾಡಿಯೂ ಗ್ಯಾರೇಜಿನಿಂದ ಬಂದವರ ವಾಸನೆಯಲ್ಲಿಯೇ ಓಡಾಡಿದೆವು.

ಎರಡನೆಯದು ಕೇಬಲ್. ಹೊಸದರ ಮೈ ಎತ್ತರ, ಅದಕ್ಕೆ ಆಕ್ಸಿಲರೇಟರ್ ಕೇಬಲ್ಲಿನ ಒಳತಂತಿ ಇನ್ನಷ್ಟು ಉದ್ದ ಬೇಕು. ಹಳೆಯದನ್ನೇ ಬಿಗಿದು ಕೂರಿಸಿದ್ದರಿಂದ ಹ್ಯಾಂಡಲ್ ನೇರವಿದ್ದರೆ ಎಂಜಿನ್ ಸದ್ದಿಲ್ಲದೆ ನಡೆಯುತ್ತಿತ್ತು. ಬಲಕ್ಕೆ ಪೂರ್ತಿ ತಿರುಗಿಸಿದರೆ ಕೇಬಲ್ ಎಳೆದು, ಯಾರೂ ಕೈ ಹಚ್ಚದೆಯೇ ಕಿರುಚುತ್ತಿತ್ತು. ಹೊಸದುರ್ಗದಿಂದ ಬಂದಿದ್ದ ನನ್ನ ಭಾವಮೈದುನನಿಗೆ ಇದು ದೋಷವೆನಿಸಲಿಲ್ಲ, ಕಲೆ ಎನಿಸಿತು. ಬೀದಿಯ ಮಕ್ಕಳನ್ನೆಲ್ಲ ಕರೆದು, ನೇರ ಮಾಡಿ ಸುಮ್ಮನಾಗಿಸುವುದು, ತಿರುಗಿಸಿ ಕಿರುಚಿಸುವುದು, ಹೀಗೆ ಪ್ರದರ್ಶನ ಸಾಗಿತು. ಮಧ್ಯಾಹ್ನದ ನಿದ್ದೆ ಕೆಟ್ಟ ಪಕ್ಕದ ಮನೆಯ ಮೇಷ್ಟ್ರು ಕಾಂಪೌಂಡಿನ ಮೇಲಿಂದ ಇಣುಕಿ ಸಮಸ್ಯೆಯನ್ನು ಪೂರ್ತಿ ಕೇಳಿಸಿಕೊಂಡರು. ನಿವೃತ್ತ ಗಣಿತ ಶಿಕ್ಷಕರು. ಪರಿಹಾರ ತಕ್ಷಣ ಬಂತು: ‘ಬಲಕ್ಕೆ ತಿರುಗಿಸಿದರೆ ತಾನೇ ತೊಂದರೆ? ಎಡಕ್ಕೇ ತಿರುಗಿಸಿಕೊಂಡು ಹೋಗಿ. ಮೂರು ಎಡ ಸೇರಿದರೆ ಒಂದು ಬಲ.’

ಇನ್ನು ಜೆಟ್ಟು. ಹೊಸದರೊಂದಿಗೆ ಬಂದ ಜೆಟ್ಟುಗಳು ಯುರೋಪಿನ ಚಳಿಗೆ ಹೇಳಿದವು. ನಮ್ಮೂರು ಸಮುದ್ರಮಟ್ಟದಿಂದ 700 ಮೀಟರಿಗೂ ಎತ್ತರದಲ್ಲಿದೆ, ಮೇಲೆ ಈ ಬಿಸಿಲು. ಗಾಳಿ ತೆಳು, ಆದ್ದರಿಂದ ಪೆಟ್ರೋಲೂ ಸ್ವಲ್ಪ ಕಡಿಮೆ ಸಾಕು. ಸಣ್ಣ ಜೆಟ್ಟು ಹುಡುಕಿಕೊಂಡು ದಾವಣಗೆರೆಗೆ ಹೋದೆ. ಬೆಣ್ಣೆ ದೋಸೆ ತಿನ್ನದೆ ಅಲ್ಲಿ ಬಿಡಿಭಾಗ ಹುಡುಕುವುದು ಶಿಷ್ಟಾಚಾರವಲ್ಲವಾದ್ದರಿಂದ ಮೊದಲು ಅದನ್ನು ಮುಗಿಸಿ ಅಂಗಡಿ ಹೊಕ್ಕೆ. ಅಂಗಡಿಯವರು ಮಿಕುನಿ ಎಂಬ ಬೇರೆ ಕಂಪನಿಯ ಜೆಟ್ಟೊಂದನ್ನು ಮುಂದಿಟ್ಟು, ‘ನಂಬರ್ ಅದೇ ಇದೆ ನೋಡಿ ಸರ್, ಎಲ್ಲಾ ಒಂದೇ’ ಎಂದರು. ಎಲ್ಲಾ ಒಂದೇ ಎನ್ನುವುದು ವೇದಾಂತದಲ್ಲಿ ಸರಿ. ಕೇಹಿನ್ ಮೇನ್ ಜೆಟ್ಟಿನ ಮೇಲಿನ 120 ಎಂದರೆ ರಂಧ್ರದ ವ್ಯಾಸ 1.20 ಮಿಲಿಮೀಟರ್; ಮಿಕುನಿಯ ಆರು ಮೂಲೆಯ ಜೆಟ್ಟಿನ ಮೇಲಿನ ಅಂಕಿ ಹೇಳುವುದು ಅದರ ಮೂಲಕ ಹರಿಯುವ ಪ್ರಮಾಣವನ್ನು. ಅವರು ಮುಂದಿಟ್ಟದ್ದರ ತಿರುಪಿನ ಮರೆಯೂ ಬೇರೆ. ಮರೆ ಕೂರುವುದಿಲ್ಲವಲ್ಲ ಎಂದರೆ, ‘ಸ್ವಲ್ಪ ಒತ್ತಿ ತಿರುಗಿಸಿ ಸರ್, ಆಮೇಲೆ ಬಿಚ್ಚಲು ಬಂದರೆ ಕೇಳಿ’ ಎಂದು ಗ್ಯಾರಂಟಿ ಕೊಟ್ಟರು. ಆ ಗ್ಯಾರಂಟಿಯಲ್ಲಿ ನನಗೆ ಪೂರ್ತಿ ನಂಬಿಕೆ ಇತ್ತು, ಹಾಗಾಗಿಯೇ ಕೊಳ್ಳಲಿಲ್ಲ.

ನಿಜ ಹೇಳಬೇಕೆಂದರೆ ಮೇನ್ ಜೆಟ್ಟಿನ ಬಗ್ಗೆ ಊರೆಲ್ಲ ತಲೆಕೆಡಿಸಿಕೊಂಡದ್ದೇ ದಂಡ. ಅದರ ಆಡಳಿತ ಆಕ್ಸಿಲರೇಟರನ್ನು ಮುಕ್ಕಾಲಿಗಿಂತ ಮೇಲೆ ತಿರುಗಿಸಿದಾಗ. ಬಂಡೆಯ ಮೇಲೆ ನಿಂತು ಅಷ್ಟು ತಿರುಗಿಸುವವನಿಗೆ ಜೆಟ್ಟಿಗಿಂತ ಆಂಬುಲೆನ್ಸ್ ಮುಖ್ಯ. ಈ ಗಾಡಿಯ ಬದುಕೆಲ್ಲ ಕಾಲು ಭಾಗದೊಳಗೇ ನಡೆಯುವುದರಿಂದ ನೋಡಬೇಕಾದ್ದು ಸ್ಲೋ ಜೆಟ್ಟು, ಗಾಳಿಯ ಸ್ಕ್ರೂ, ಸೂಜಿ. ಆದರೆ ‘ಸ್ಲೋ’ ಎಂಬ ಹೆಸರಿನ ವಸ್ತುವಿನ ಮೇಲೆ ಯಾವ ಗಂಡಸೂ ಅಭಿಪ್ರಾಯ ಕೊಡಲು ಮುಂದೆ ಬರಲಿಲ್ಲ.

ಸೂಜಿಯ ಕಥೆ ಆದದ್ದು ಸಂಜೆ, ಜಗುಲಿಯ ಮೇಲೆ. ಸ್ಲೈಡಿಗೆ ನೇತುಬಿದ್ದ ಆ ಹಿತ್ತಾಳೆ ಬಣ್ಣದ ಸೂಜಿಯ ತಲೆಯಲ್ಲಿ ಸಾಲಾಗಿ ಗೀರುಗಳಿವೆ. ಒಂದು ಗೀರಿನಲ್ಲಿ ಕ್ಲಿಪ್ ಕೂರಬೇಕು. ಕ್ಲಿಪ್ಪನ್ನು ಮೇಲಿನ ಗೀರಿಗೆ ಹಾಕಿದರೆ ಸೂಜಿ ಕೆಳಗಿಳಿದು ಪೆಟ್ರೋಲ್ ಕಡಿಮೆಯಾಗುತ್ತದೆ, ಕೆಳಗಿನದಕ್ಕೆ ಹಾಕಿದರೆ ಹೆಚ್ಚುತ್ತದೆ. ಕ್ಲಿಪ್ಪಿನ ಗಾತ್ರ ಒಂದು ಮೆಂತ್ಯದ ಕಾಳಿಗಿಂತ ಅಷ್ಟೇನೂ ದೊಡ್ಡದಲ್ಲ. ಉಸ್ತಾದ್ ಕನ್ನಡಕವನ್ನು ಹಣೆಗೇರಿಸಿ, ಉಸಿರು ಹಿಡಿದು, ಹೆಬ್ಬೆರಳಿನ ಉಗುರಿನಿಂದ ಒತ್ತಿದರು. ‘ಟಿಣ್’ ಎಂದಿತು. ಪಕ್ಕದಲ್ಲೇ ದೊಡ್ಡ ಬೇಸನ್ನಿನಲ್ಲಿ ಒಗ್ಗರಣೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಇತ್ತು. ನಾಲ್ಕು ಕೈಗಳು ಅದರಲ್ಲಿದ್ದವು.

‘ಯಾರೂ ನುಂಗಬೇಡಿ’ ಎಂದರು ಉಸ್ತಾದ್.

ಭಾವಮೈದುನನ ಬಾಯಿ ತುಂಬಿತ್ತು. ಅವನು ಉಗುಳಲಾರದೆ, ಜಗಿಯಲಾರದೆ, ಕಣ್ಣಲ್ಲೇ ಅಕ್ಕನನ್ನು ಹುಡುಕಿದ. ದಿನಪತ್ರಿಕೆ ಹಾಸಿ ಮಂಡಕ್ಕಿ ಸುರುವಿ ಬೆರಳಿನಿಂದ ಹರಡುತ್ತಾ ಹೋದೆವು: ಶೇಂಗಾ ಒಂದು ಕಡೆ, ಪುಟಾಣಿ ಒಂದು ಕಡೆ, ಕರಿಬೇವು ಒಂದು ಕಡೆ. ಒಗ್ಗರಣೆಯ ಸಾಸಿವೆ ಪ್ರತಿಯೊಂದೂ ಆ ಬೆಳಕಿನಲ್ಲಿ ಕ್ಲಿಪ್ಪೇ. ಮೇಷ್ಟ್ರು ಹಳೆಯ ರೇಡಿಯೋದ ಸ್ಪೀಕರ್ ಆಯಸ್ಕಾಂತ ತಂದು ಮಂಡಕ್ಕಿಯ ಮೇಲೆ ನಿಧಾನವಾಗಿ ಆಡಿಸಿದರು. ಮೊದಲು ಅಂಟಿಕೊಂಡು ಬಂದದ್ದು ಒಂದು ರವಿಕೆಯ ಹುಕ್ಕು. ಮಂಡಕ್ಕಿ ಕಲಸಿದ್ದು ಮನೆಯಲ್ಲೇ ಆದ್ದರಿಂದ ಆ ವಿಷಯವನ್ನು ಯಾರೂ ಮುಂದುವರಿಸಲಿಲ್ಲ. ಕ್ಲಿಪ್ ಸಿಕ್ಕಿದ್ದು ಕಟ್ಟಕಡೆಗೆ, ಬಜ್ಜಿಯ ಹಿಟ್ಟಿನಲ್ಲಿ ಅರ್ಧ ಹೂತು. ಉಸ್ತಾದ್ ಅದನ್ನು ಪೆಟ್ರೋಲಿನಲ್ಲಿ ತೊಳೆದು ಹಾಕಿದರು. ಬಜ್ಜಿಯನ್ನು ತೊಳೆಯದೆ ತಿಂದರು.

ಗಾಳಿಯ ಸ್ಕ್ರೂ ತಿರುಗಿಸುವ ಹೊತ್ತಿಗೆ ಸರಿಯಾಗಿ ಉಸ್ತಾದರ ಅಣ್ಣನ ಮಗ ಬಂದ. ದೊಡ್ಡ ಶೋರೂಮಿನ ಸರ್ವೀಸಿನಲ್ಲಿ ಕೆಲಸ ಮಾಡುವವನು. ‘ಬಿಚ್ಚಿದರೆ ಪೆಟ್ರೋಲ್ ಹೆಚ್ಚಾಗುತ್ತದೆ ಚಾಚಾ’ ಎಂದ. ‘ಬಿಚ್ಚಿದರೆ ಗಾಳಿ ಹೆಚ್ಚಾಗುತ್ತದೆ ಕಣೋ, ಪೆಟ್ರೋಲ್ ಕಡಿಮೆಯಾಗುತ್ತದೆ’ ಎಂದರು ಇವರು. ಚಾಚಾ ಮಗ ಇಬ್ಬರೂ ಅರ್ಧ ಗಂಟೆ ಜಗಳವಾಡಿದರು. ಬೀದಿ ಎರಡು ಪಕ್ಷವಾಯಿತು. ವಿಚಿತ್ರವೆಂದರೆ ಇಬ್ಬರ ಮಾತೂ ಸರಿ. ಸ್ಕ್ರೂ ಫಿಲ್ಟರಿನ ಕಡೆಗಿದ್ದರೆ ಅದು ಗಾಳಿಯನ್ನು ಅಳೆಯುತ್ತದೆ, ಎಂಜಿನ್ನಿನ ಕಡೆಗಿದ್ದರೆ ಪೆಟ್ರೋಲನ್ನು. ನನ್ನದು ಫಿಲ್ಟರಿನ ಕಡೆಯದು, ಗೆದ್ದವರು ಉಸ್ತಾದ್. ಒಂದೂವರೆ ಸುತ್ತು ಬಿಚ್ಚಿ ನಿಲ್ಲಿಸಿದಾಗ, ಉದ್ದನೆಯ ಹೊಸ ಕೇಬಲ್ಲೂ ಸೇರಿ, ಎಂಜಿನ್ ಎಷ್ಟು ಹದವಾಗಿ ಕೂತಿತೆಂದರೆ ಸೇರಿದ್ದ ಜನ ಒಂದು ಕ್ಷಣ ಮಾತು ನಿಲ್ಲಿಸಿದರು. ಆಮೇಲೆ ಹಿಂದಿನ ಸಾಲಿನಿಂದ ಯಾರೋ ಕೇಳಿದರು: ‘ಈಗ ಲೀಟರಿಗೆ ಎಷ್ಟು ಕೊಡುತ್ತದೆ?’

ಭಾನುವಾರ ಗೌಡರ ತೋಟಕ್ಕೆ ಹೋದೆ. ದೊಡ್ಡ ಬಂಡೆಯ ಬುಡದಲ್ಲಿ ಗಾಡಿ ಮೂತಿ ಎತ್ತಿತು, ಹತ್ತಿತು, ತುದಿಯಲ್ಲಿ ಓರೆಯಾಗಿ ನಿಂತಿತು. ಒಂದು ಹನಿ ಸುರಿಯಲಿಲ್ಲ. ಕಾಲು ಇಟ್ಟದ್ದು ಮಾತ್ರ ಲೆಕ್ಕಕ್ಕೆ ಸಿಗದಷ್ಟು, ಅಂದರೆ ನಿಯಮದ ಪ್ರಕಾರ 3. ಹೆಮ್ಮೆ ತಡೆಯದೆ ಗೌಡರನ್ನು ಕರೆದು, ಮೊದಲು ಎಷ್ಟು ಸೋರುತ್ತಿತ್ತು, ಈಗ ಎಷ್ಟು ವಾಲಿಸಿದರೂ ಹೇಗೆ ಸೋರುವುದಿಲ್ಲ ಎಂದು ಕೇಹಿನ್ ಮಹಾತ್ಮೆಯನ್ನು ವಿಸ್ತಾರವಾಗಿ ಬಣ್ಣಿಸಿದೆ.

ಗೌಡರ ಹೆಗಲಿನಲ್ಲಿ ಅಡಿಕೆ ತೋಟದ ಕಳೆ ಹೊಡೆಯುವ ಮಷಿನ್ ನೇತಾಡುತ್ತಿತ್ತು. ಅದೂ ಟೂ ಸ್ಟ್ರೋಕೇ. ಅವರು ಹಗ್ಗ ಎಳೆದು ಸ್ಟಾರ್ಟ್ ಮಾಡಿದರು, ಓರೆ ಮಾಡಿದರು, ಅಡ್ಡ ಮಾಡಿದರು, ಕೊನೆಗೆ ಎಂಜಿನ್ನನ್ನು ಪೂರ್ತಿ ತಲೆಕೆಳಗು ಹಿಡಿದರು. ಅದು ಏನೂ ಆಗದಂತೆ ಓಡುತ್ತಲೇ ಇತ್ತು. ಅಂಥ ಮಷಿನ್‌ಗಳ ಕಾರ್ಬೋರೇಟರಿನಲ್ಲಿ ತೊಟ್ಟಿಯೂ ಇಲ್ಲ, ಫ್ಲೋಟೂ ಇಲ್ಲ. ಒಂದು ತೆಳು ಪೊರೆ ಪೆಟ್ರೋಲನ್ನು ಅಳೆದು ಬಿಡುತ್ತದೆ, ಮೇಲು ಕೆಳಗಿನ ಗೊಡವೆ ಅದಕ್ಕಿಲ್ಲ.

‘ಇದರಲ್ಲಿ ಕಾರ್ಬೋರೇಟರ್ ಕೆಟ್ಟರೆ ಕೆಲವು ನೂರು ರೂಪಾಯಿಗೆ ಹೊಸದೇ ಬರುತ್ತದೆ’ ಎಂದರು. ‘ನಿಮ್ಮದಕ್ಕೆ ಎಷ್ಟಾಯಿತು?’

ಬೆಲೆ ಹೇಳಿದೆ. ಗೌಡರು ನನ್ನ ಮುಖವನ್ನು ಒಂದು ಗಳಿಗೆ ನೋಡಿದರು.

‘ಇದು ಅಂಗಡಿಯಲ್ಲಿ ಕೊಟ್ಟ ಬೆಲೆಯೋ, ಮನೆಯಲ್ಲಿ ಹೇಳಿದ ಬೆಲೆಯೋ?’