ಸೆನ್ಸರ್ ಇಂಟರ್‌ಕೂಲರ್ ಆದಮೇಲೆ ಇರಲಿ

ಟರ್ಬೊ ಕಾರಿನಲ್ಲಿ ಗಾಳಿಯ ತಾಪ ಅಳೆಯುವ ಸೆನ್ಸರ್ ಸಿಲಿಂಡರ್‌ಗೆ ಹತ್ತಿರ ಇದ್ದಷ್ಟೂ ಒಳ್ಳೆಯದು, ಇನ್‌ಟೇಕ್ ಮ್ಯಾನಿಫೋಲ್ಡ್‌ಗೇ (ಸಿಲಿಂಡರ್‌ಗಳಿಗೆ ಗಾಳಿ ಹಂಚುವ ಕೊಳವೆ) ಹಾಕಿ ಅಂತ ಒಂದು ಲೇಖನದಲ್ಲಿ ಓದಿದೆ. ಅಲ್ಯೂಮಿನಿಯಂ ಮ್ಯಾನಿಫೋಲ್ಡ್ ಆದರೆ ನಾನು ಒಪ್ಪುವುದಿಲ್ಲ. ಟ್ರಾಫಿಕ್‌ನಲ್ಲಿ ಸ್ವಲ್ಪ ಹೊತ್ತು ನಿಂತರೆ ಸಾಕು, ಆ ಲೋಹ ಕಾದು ಸೆನ್ಸರನ್ನೂ ಕಾಯಿಸುತ್ತದೆ. ಒಳಗೆ ಹೋಗುವ ಗಾಳಿ 40 ಡಿಗ್ರಿ, ಸೆನ್ಸರ್ ಹೇಳುವುದು 70 ಅಂದುಕೊಳ್ಳಿ. ಗಾಳಿಯ ಒತ್ತಡ, ತಾಪ ನೋಡಿ ಪೆಟ್ರೋಲ್ ಎಷ್ಟು ಬೇಕೆಂದು ಲೆಕ್ಕ ಹಾಕುವ (ಸ್ಪೀಡ್ ಡೆನ್ಸಿಟಿ) ಇಸಿಯು, ಅಂದರೆ ಎಂಜಿನ್ ಕಂಪ್ಯೂಟರ್, ಅದನ್ನೇ ನಂಬಿದರೆ ಪೆಟ್ರೋಲ್ ಸುಮಾರು 9% ಕಡಿಮೆ ಬೀಳುತ್ತದೆ. ಬೂಸ್ಟ್, ಅಂದರೆ ಟರ್ಬೊ ಗಾಳಿ ತುಂಬುವ ಒತ್ತಡ, ಏರುವಾಗ ಹೀಗಾದರೆ ಪಿಸ್ಟನ್‌ಗೇ ಅಪಾಯ ಅಲ್ವಾ?

ಹಾಗಂತ ಏರ್ ಫಿಲ್ಟರ್ ಹತ್ತಿರದ ಸೆನ್ಸರ್ ಒಂದನ್ನೇ ನಂಬಿ ಬೂಸ್ಟ್ ಜಾಸ್ತಿ ಮಾಡುವುದೂ ಸರಿಯಲ್ಲ. ಹಳೆಯ ಸುಬಾರು ಡಬ್ಲ್ಯುಆರ್‌ಎಕ್ಸ್‌ನಲ್ಲಿ ಅದು ಮಾಸ್ ಏರ್‌ಫ್ಲೋ ಸೆನ್ಸರ್ (ಒಳಗೆ ಹೋಗುವ ಗಾಳಿ ಎಷ್ಟೆಂದು ಅಳೆಯುವುದು) ಒಳಗೇ, ಟರ್ಬೊಗಿಂತ ಮೊದಲೇ ಇರುತ್ತದೆ. 30 ಡಿಗ್ರಿ ಗಾಳಿಯನ್ನು 1 ಬಾರ್ ಬೂಸ್ಟ್‌ಗೆ ಒತ್ತಿದರೆ ಟರ್ಬೊದಿಂದ ಹೊರಬರುವಾಗ 120 ಡಿಗ್ರಿ ಆಸುಪಾಸು ಇರುತ್ತದೆ. ಆ ಬಿಸಿ ಗಾಳಿಯನ್ನು ತಣಿಸುವ ಇಂಟರ್‌ಕೂಲರ್ ತಾಪವನ್ನು ಎಷ್ಟು ಇಳಿಸಿತು ಅನ್ನುವುದು ಆ ಸೆನ್ಸರ್‌ಗೆ ಗೊತ್ತೇ ಆಗುವುದಿಲ್ಲ.

ಇಂಟರ್‌ಕೂಲರ್ ಆದಮೇಲೆ, ಥ್ರಾಟಲ್ ಬಾಡಿಗೆ (ಎಂಜಿನ್‌ಗೆ ಹೋಗುವ ಗಾಳಿಯನ್ನು ಹತೋಟಿಯಲ್ಲಿಡುವ ಕವಾಟ) ಮೊದಲು ಸೆನ್ಸರ್ ಹಾಕಿ. ತುದಿ ಗಾಳಿಯ ನಡುವಿಗೆ ಚಾಚಿರಲಿ. ತುದಿ ತೆರೆದಿರುವ ಸೆನ್ಸರನ್ನೇ ಕೊಳ್ಳಿ, ಹಿತ್ತಾಳೆಯಲ್ಲಿ ಮುಚ್ಚಿದ್ದು ತುಂಬ ನಿಧಾನ. ಇಸಿಯುನಲ್ಲಿರುವ ಇಗ್ನಿಷನ್ ಟೈಮಿಂಗ್ ಟೇಬಲ್ (ಕಿಡಿ ಯಾವಾಗ ಹಾರಬೇಕು ಅನ್ನುವ ಪಟ್ಟಿ) ಕೂಡ ಹೊಸ ಜಾಗಕ್ಕೆ ತಕ್ಕಂತೆ ತಿದ್ದಲೇಬೇಕು. ಸೆನ್ಸರ್ ಜಾಗ ಬದಲಿಸಿ ಹಳೆಯ ಟೇಬಲ್‌ನಲ್ಲೇ ಓಡಿಸುವವರನ್ನು ನೋಡಿದರೆ ನನಗೆ ನಿಜಕ್ಕೂ ಭಯವಾಗುತ್ತದೆ.