ಮರಳಿ ಬಂದ ಮಗುವಿಗೆ ತರಗತಿಯಲ್ಲಿ ಮೊದಲು ಕೇಳಿಸುವ ಮಾತು ಯಾವುದು?

ತಿಂಗಳಿಗೆ 2 ದಿನ ಶಾಲೆಗೆ ಬಾರದ ಮಗು ಯಾರ ಕಣ್ಣಿಗೂ ಬೀಳುವುದಿಲ್ಲ. ಒಂದು ದಿನ ಹೊಟ್ಟೆನೋವು, ಇನ್ನೊಂದು ದಿನ ತಲೆನೋವು. ಎರಡಕ್ಕೂ ರಜಾ ಚೀಟಿ ಇರುತ್ತದೆ, ಅದರ ಕೆಳಗೆ ಪೋಷಕರ ಸಹಿಯೂ ಇರುತ್ತದೆ. ಆದರೆ ಇದೇ ಲೆಕ್ಕ ವರ್ಷವಿಡೀ ನಡೆದರೆ ಶಾಲೆಯ ಒಟ್ಟು ದಿನಗಳಲ್ಲಿ ಸುಮಾರು ಶೇ 10ರಷ್ಟು ಕಳೆದುಹೋಗಿರುತ್ತದೆ. ಅಮೆರಿಕ ಮತ್ತು ಇಂಗ್ಲೆಂಡ್ ಎರಡೂ ಕಡೆ ಗೈರುಹಾಜರಿಯನ್ನು ಗಂಭೀರವೆಂದು ಎಣಿಸುವುದು ಇದೇ ಮಟ್ಟದಿಂದ. ಹಾಜರಿ ಪುಸ್ತಕ ನಾಗಾಗಳನ್ನು ಎಣಿಸಬಲ್ಲದು. ಅವುಗಳಲ್ಲಿ ಎಷ್ಟು ಸೋಮವಾರಕ್ಕೆ ಬಿದ್ದವು, ಎಷ್ಟು ಗಣಿತದ ಕಿರುಪರೀಕ್ಷೆಯ ದಿನಕ್ಕೆ ಬಿದ್ದವು ಎಂಬುದನ್ನು ಯಾರಾದರೂ ಕುಳಿತು ನೋಡಿದರೆ ಮಾತ್ರ ತಿಳಿಯುತ್ತದೆ.

ಹಲವು ವರ್ಷ ಪಾಠ ಮಾಡಿದ ನಾನು ಬಹುಕಾಲ ಹಾಗೆ ನೋಡಿದವನಲ್ಲ. ಬಾರದವರೆಲ್ಲ ಚಕ್ಕರ್ ಹೊಡೆಯುವವರೇ ಎಂದು ತಿಳಿದಿದ್ದೆ. ಚಕ್ಕರ್ ಹೊಡೆಯುವ ಹುಡುಗ ಮನೆಯವರಿಗೆ ಸುಳ್ಳು ಹೇಳಿ ಬೇರೆಲ್ಲಿಗೋ ಹೋಗುತ್ತಾನೆ. ಶಾಲೆಯೆಂದರೆ ಎದೆ ಹೊಡೆದುಕೊಳ್ಳುವ ಮಗು ಹಾಗಲ್ಲ; ಅದು ಮನೆಯಲ್ಲಿ, ಮನೆಯವರ ಕಣ್ಣೆದುರೇ, ಸಮವಸ್ತ್ರ ತೊಟ್ಟು ಒಂದು ಕಾಲಿಗೆ ಮಾತ್ರ ಶೂ ಹಾಕಿಕೊಂಡು ಕುಳಿತುಬಿಡುತ್ತದೆ. ಅಮೆರಿಕದ ಮನೋವೈದ್ಯೆ ಅಡೆಲೇಡ್ ಜಾನ್ಸನ್ ಮತ್ತು ಸಂಗಡಿಗರು 1941ರಷ್ಟು ಹಿಂದೆಯೇ ಇದನ್ನು ‘ಶಾಲಾಭಯ’ ಎಂದು ಕರೆದು ಪ್ರತ್ಯೇಕವಾಗಿ ಗುರುತಿಸಿದ್ದರು. ನಮ್ಮ ಶಿಕ್ಷಕರ ಕೊಠಡಿಗಳಿಗೆ ಆ ವ್ಯತ್ಯಾಸ ಇನ್ನೂ ತಲುಪಿದಂತಿಲ್ಲ.

ಆ ಹೊಟ್ಟೆನೋವು ನಾಟಕವಲ್ಲ. ಆತಂಕವು ಮೊದಲು ಮೈಯಲ್ಲಿ ಕಾಣಿಸಿಕೊಳ್ಳುತ್ತದೆ, ಮಾತಾಗಿ ಹೊರಬರುವುದು ಆಮೇಲೆ. ‘ಹೋಗಲಿ, ಇವತ್ತು ಮನೆಯಲ್ಲೇ ಇರು’ ಎಂದೊಡನೆ ನೋವು ಇಳಿಯುತ್ತದೆ; ಹತ್ತು ಗಂಟೆಯ ಹೊತ್ತಿಗೆ ಮಗು ಆಡುತ್ತಿರುತ್ತದೆ. ಅದನ್ನು ಕಂಡ ತಂದೆ ತಾಯಿ ತಮಗೆ ಮೋಸವಾಯಿತೆಂದು ಸಿಟ್ಟಾಗುತ್ತಾರೆ. ನಿಜವಾಗಿ ಆ ಹೊತ್ತಿನಲ್ಲಿ ಮಗುವಿನ ಮನಸ್ಸು ಒಂದು ಪಾಠ ಕಲಿತಿರುತ್ತದೆ: ಹೋಗದಿದ್ದರೆ ಸಂಕಟವಿಲ್ಲ. ಮರುದಿನ ಅದೇ ಗೇಟು ಇನ್ನಷ್ಟು ದೊಡ್ಡದಾಗಿ ಕಾಣುತ್ತದೆ, ಏಕೆಂದರೆ ಈಗ ಹಳೆಯ ಭಯದ ಜೊತೆಗೆ ಬಿಟ್ಟುಹೋದ ಪಾಠ, ಬೇರೆಯವರ ಜೊತೆ ಕೂರತೊಡಗಿದ ಗೆಳತಿ ಮತ್ತು ‘ನಿನ್ನೆ ಎಲ್ಲಿಗೆ ಹೋಗಿದ್ದೆ?’ ಎಂಬ ಪ್ರಶ್ನೆಯೂ ಸೇರಿಕೊಂಡಿರುತ್ತವೆ.

ಶಾಲೆಗೆ ಹೋಗಲೊಲ್ಲದ ಮಕ್ಕಳನ್ನು ದೀರ್ಘಕಾಲ ಅಭ್ಯಸಿಸಿದ ಮನೋವಿಜ್ಞಾನಿ ಕ್ರಿಸ್ಟೋಫರ್ ಕಿಯರ್ನಿ ನಾಲ್ಕು ಬಗೆಯ ಕಾರಣಗಳನ್ನು ಹೇಳುತ್ತಾರೆ. ಶಾಲೆಯಲ್ಲಿ ಉಂಟಾಗುವ ಕಳವಳದಿಂದ ದೂರವಿರಲು, ಇತರರೆದುರು ಮಾತಾಡುವ ಅಥವಾ ಪರೀಕ್ಷೆಗೊಳಗಾಗುವ ಸಂದರ್ಭದಿಂದ ತಪ್ಪಿಸಿಕೊಳ್ಳಲು, ಮನೆಯವರ ಗಮನ ಪಡೆಯಲು, ಇಲ್ಲವೇ ಹೊರಗೆ ಹೆಚ್ಚು ಇಷ್ಟವಾದದ್ದೊಂದು ಇರುವುದರಿಂದ. ಈ ವಿಂಗಡಣೆಯ ಉಪಯೋಗ ಇರುವುದು ಚಿಕಿತ್ಸೆಯಲ್ಲಿ. ನಾಲ್ಕನೆಯ ಕಾರಣಕ್ಕೆ ಶಿಸ್ತು ಸ್ವಲ್ಪ ಕೆಲಸ ಮಾಡೀತು. ಮೊದಲ ಎರಡಕ್ಕೆ ಅದು ಉರಿಯುವ ಬೆಂಕಿಗೆ ತುಪ್ಪ. ದಂಡ ಹಾಕುವ, ಪೋಷಕರನ್ನು ಕರೆಸಿ ಎಲ್ಲರೆದುರು ಬೈಯುವ ಶಾಲೆಗಳು ಕಾರಣ ಕೇಳುವ ಮೊದಲೇ ಔಷಧಿ ಕೊಡುತ್ತಿವೆ.

ಆಪ್ತಸಮಾಲೋಚಕರು ಬೇಕೇ ಬೇಕು. 10ರಿಂದ 19 ವರ್ಷದವರಲ್ಲಿ ಸುಮಾರು ಏಳರಲ್ಲಿ ಒಬ್ಬರಿಗೆ ಯಾವುದಾದರೊಂದು ಮಾನಸಿಕ ಸಮಸ್ಯೆ ಇರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ; ಹೀಗಿರುವಾಗ ಇಡೀ ಶಾಲೆಗೆ ವಾರಕ್ಕೊಮ್ಮೆ ಬಂದುಹೋಗುವ ಒಬ್ಬರು ಏನು ಮಾಡಿಯಾರು? ಇದ್ದರೂ, ಸಮಾಲೋಚನೆಯ ಕೊಠಡಿಯ ಬಾಗಿಲು ಶಿಕ್ಷಕರ ಕೊಠಡಿಗೆ ಎದುರಾಗಿದ್ದರೆ ಯಾವ ಹುಡುಗನೂ ಅದನ್ನು ದಾಟಿ ಒಳಗೆ ಹೋಗುವುದಿಲ್ಲ. ನನ್ನ ಇನ್ನೊಂದು ತಕರಾರು ಇದಕ್ಕಿಂತ ದೊಡ್ಡದು. ಹಿಂದಿನ ಬೆಂಚಿನಲ್ಲಿ ಕುಳಿತು ದಿನವೂ ಗೋಳುಹೊಯ್ದುಕೊಳ್ಳುವವರನ್ನು ಹಾಗೆಯೇ ಬಿಟ್ಟು, ಗೋಳು ಅನುಭವಿಸಿದ ಮಗುವಿಗೆ ಮಾತ್ರ ‘ಧೈರ್ಯ ತಂದುಕೋ’ ಎಂದು ಸಮಾಲೋಚನೆ ಕೊಡಿಸುವುದು ನನಗೆ ಅನ್ಯಾಯವಾಗಿ ಕಾಣುತ್ತದೆ.

ನಾವು ಸಂಪೂರ್ಣ ಮರೆತಿರುವುದು ಮರಳಿ ಬರುವ ದಿನವನ್ನು. ಎರಡು ವಾರದ ನಂತರ ಬಂದ ಹುಡುಗಿಯೊಬ್ಬಳಿಗೆ ನಾನು ‘ಏನಮ್ಮಾ, ದಾರಿ ತಪ್ಪಿ ಬಂದೆಯಾ?’ ಎಂದಿದ್ದೆ. ತರಗತಿ ನಕ್ಕಿತು, ಅವಳೂ ನಕ್ಕಳು. ಮರುದಿನದಿಂದ ಅವಳ ಜಾಗ ಮತ್ತೆ ಖಾಲಿ. ಆತಂಕದಿಂದ ದೂರವಾದ ಮಕ್ಕಳನ್ನು ಮೆಟ್ಟಿಲು ಮೆಟ್ಟಿಲಾಗಿ ಕರೆತರಬೇಕೆಂದು ನಾನು ತಿಳಿದದ್ದು ಆಮೇಲೆ: ಮೊದಲು ಗೇಟಿನವರೆಗೆ, ಬಳಿಕ ಗ್ರಂಥಾಲಯದಲ್ಲಿ ಒಂದು ಗಂಟೆ, ಆಮೇಲೆ ಇಷ್ಟದ ಎರಡು ಪೀರಿಯಡ್, ಹೀಗೆ. ಬಾಗಿಲಲ್ಲಿ ಕಾಯಲು ಗುರುತಿನ ಒಬ್ಬ ಹಿರಿಯರಿರಬೇಕು, ಬಾಕಿ ನೋಟ್ಸ್ ಅಷ್ಟನ್ನೂ ಒಂದೇ ವಾರದಲ್ಲಿ ಬರೆಯಬೇಕೆಂಬ ಒತ್ತಡ ಇರಬಾರದು.

ಈಗ ಹಾಗೆ ಬಂದ ಮಗುವಿನ ಮುಂದೆ ನಾನು ಗೈರಿನ ಮಾತೆತ್ತುವುದಿಲ್ಲ. ಪಕ್ಕದಲ್ಲಿ ಕೂರುವವರಿಗೆ ಹಿಂದಿನ ದಿನವೇ ಹೇಳಿಟ್ಟಿರುತ್ತೇನೆ. ಅವರು ಬ್ಯಾಗು ಸರಿಸಿ ಜಾಗ ಮಾಡಿಕೊಡುತ್ತಾರೆ, ನಾನು ಪುಟದ ಸಂಖ್ಯೆ ಹೇಳಿ ಪಾಠ ಮುಂದುವರಿಸುತ್ತೇನೆ.